ಯಂತ್ರದ ಕೈಗೆ ಕೊಡುವ ಚೀಟಿ

ವಿಜಯಪುರದ ಸಿದ್ಧೇಶ್ವರ ಗುಡಿಯ ಬಳಿಯ ಪೇಟೆಗೆ ಹುಡುಗನೊಬ್ಬನನ್ನು ಕಳುಹಿಸಿ ‘ದ್ರಾಕ್ಷಿ ತಾ’ ಎಂದರೆ ಅವನು ಏನನ್ನು ತಂದಾನು? ಮನೆಯ ಹುಡುಗನಾದರೆ, ಒಲೆಯ ಮೇಲೆ ಪಾಯಸ ಕುದಿಯುತ್ತಿರುವುದನ್ನು ಕಂಡು ಒಣದ್ರಾಕ್ಷಿಯನ್ನೇ ತರುವನು. ಊರಿಗೆ ಹೊಸಬನಾದರೆ ಹಸಿ ದ್ರಾಕ್ಷಿಯ ಗೊಂಚಲನ್ನು ಹಿಡಿದು ಬಂದಾನು. ತಪ್ಪು ಹುಡುಗನದಲ್ಲ, ನಾವು ಹೇಳಿದ ಮಾತಿನದು. ಇಂದು ಅಂತಹ ಹೊಸಬನೊಬ್ಬ ನಮ್ಮ ಕೆಲಸಕ್ಕೆ ಬಂದಿದ್ದಾನೆ. ಅವನು ಮನುಷ್ಯನಲ್ಲ, ಯಂತ್ರ. ಅವನ ಕೈಗೆ ಚೀಟಿಯನ್ನು ಹೇಗೆ ಬರೆದುಕೊಡಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಸಾಧನವನ್ನು ಬಳಸುವ ಬಗೆ

ಭಾಷೆಯನ್ನು ಬಲ್ಲ ಕೃತಕ ಬುದ್ಧಿಯ ಯಂತ್ರವು ಅಪಾರವಾದ ಬರಹವನ್ನು ಓದಿ ಕಲಿತುದು. ಆದರೆ ಈ ಬೆಳಗಿನ ಪೇಟೆಯ ಧಾರಣೆ ಅದು ಓದಿದ ಬರಹದಲ್ಲಿ ಇರಲಾರದು. ಅದನ್ನು ಹೊರಗೆ ಕೇಳಿಯೇ ತಿಳಿಯಬೇಕು. ಒಂದು ಗಣಕವು ಇನ್ನೊಂದನ್ನು ಗೊತ್ತಾದ ಕ್ರಮದಲ್ಲಿ ಪ್ರಶ್ನಿಸಿ ಉತ್ತರ ಪಡೆಯುವ ಬಾಗಿಲಿಗೆ ಎ.ಪಿ.ಐ. ಎಂದು ಹೆಸರು. ಇಂತಹ ಬಾಗಿಲುಗಳನ್ನು ತಾನೇ ಆರಿಸಿಕೊಂಡು, ಹಂತಹಂತವಾಗಿ ಕೆಲಸವನ್ನು ಮುಗಿಸುವ ಯಂತ್ರವನ್ನು ಏಜೆಂಟ್ ಎನ್ನುತ್ತಾರೆ. 2023ರಿಂದೀಚೆಗೆ ಈ ಪದ್ಧತಿ ಬಹಳವಾಗಿ ಬಳಕೆಗೆ ಬಂದಿದೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಸಾಧನದ ಒಳಗಿನ ರಚನೆ ಏಜೆಂಟಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೂರೇ: ಸಾಧನದ ಹೆಸರು, ಅದರ ವಿವರಣೆ, ಮತ್ತು ತುಂಬಿಕೊಡಬೇಕಾದ ಅಂಶಗಳ ಪಟ್ಟಿ. ಇವನ್ನು ಓದಿ ಏಜೆಂಟ್ ಒಂದು ಕೋರಿಕೆಯನ್ನು ಬರೆಯುತ್ತದೆ. ಬೇರೊಂದು ಪ್ರೋಗ್ರಾಮು ಆ ಕೋರಿಕೆಯನ್ನು ಎ.ಪಿ.ಐ.ಗೆ ಒಪ್ಪಿಸಿ, ಬಂದ ಉತ್ತರವನ್ನು ಏಜೆಂಟಿಗೆ ಮುಟ್ಟಿಸುತ್ತದೆ. ಆದುದರಿಂದ ವಿವರಣೆಯಲ್ಲಿ ಇಲ್ಲದುದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಅಲ್ಲಿ ಅದು ಊಹೆಯಿಂದ ತುಂಬಿಕೊಳ್ಳುತ್ತದೆ.

ಟಿಕೋಟಾದ ಪ್ರಶ್ನೆ

ಟಿಕೋಟಾ, ಬಬಲೇಶ್ವರದ ಸೀಮೆ ದ್ರಾಕ್ಷಿಗೆ ಹೆಸರಾದುದು. ಸುಮಾರು 4 ಕಿಲೋ ಹಸಿ ಹಣ್ಣು ಒಣಗಿದರೆ 1 ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. ಬೆಳೆಗಾರರು ಅದನ್ನು ಶೀತಲಗೃಹದಲ್ಲಿಟ್ಟು, ಧಾರಣೆ ನೋಡಿ ವಿಜಯಪುರದಲ್ಲಿಯೋ ಮಹಾರಾಷ್ಟ್ರದ ಸಾಂಗಲಿ, ತಾಸಗಾಂವಗಳಲ್ಲಿಯೋ ಮಾರುವರು. ಎಂದು, ಎಲ್ಲಿ ಮಾರಬೇಕೆಂಬ ಒಂದು ನಿರ್ಧಾರದಲ್ಲಿ ಇಡೀ ವರ್ಷದ ದುಡಿಮೆ ಅಡಗಿರುತ್ತದೆ.

ಅಂತಹ ರೈತರೊಬ್ಬರು ಏಜೆಂಟನ್ನು, “ಇವತ್ತ ನಮ್ಮ ಪ್ಯಾಟ್ಯಾಗ ಒಣದ್ರಾಕ್ಷಿ ಧಾರಣಿ ಎಷ್ಟೈತಿ?” ಎಂದು ಕೇಳಿದರೆನ್ನೋಣ. ಭಾರತ ಸರ್ಕಾರವು 2012ರಲ್ಲಿ ಆರಂಭಿಸಿದ ತೆರೆದ ದತ್ತಾಂಶ ವೇದಿಕೆಯಲ್ಲಿ ಕೃಷಿ ಮಾರುಕಟ್ಟೆಗಳ ದಿನದ ಧಾರಣೆ ಎ.ಪಿ.ಐ. ಮೂಲಕ ದೊರೆಯುತ್ತದೆ. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ತಳಿ, ದಿನಾಂಕಗಳೊಡನೆ ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆಗಳು ಅಲ್ಲಿರುತ್ತವೆ. ಈ ಸಾಧನಕ್ಕೆ ‘ಬೆಲೆಯನ್ನು ತಿಳಿಸುತ್ತದೆ’ ಎಂದಷ್ಟೇ ವಿವರಣೆ ಬರೆದರೆ ಏನಾಗುವುದೆಂಬುದನ್ನು ನೋಡೋಣ.

ಮೊದಲನೆಯ ತೊಡಕು ಊರಿನದು. ಬಿಜಾಪುರವು 2014ರ ನವೆಂಬರ್ 1ರಂದು ವಿಜಯಪುರವಾಯಿತು. ಹಳೆಯ ಹೆಸರಿನಿಂದ ಹುಡುಕಿದರೆ ಛತ್ತೀಸಗಢದಲ್ಲಿಯೂ ಬಿಜಾಪುರ ಜಿಲ್ಲೆಯೊಂದಿದೆ. ಹೊಸ ಹೆಸರಿನಿಂದ ಹುಡುಕಿದರೆ ದೇವನಹಳ್ಳಿ ತಾಲ್ಲೂಕಿನಲ್ಲಿಯೂ ವಿಜಯಪುರವೆಂಬ ಪಟ್ಟಣವಿದೆ! ಆದಕಾರಣ ರಾಜ್ಯ, ಜಿಲ್ಲೆಗಳನ್ನು ಕಡ್ಡಾಯವಾಗಿ ಕೇಳಬೇಕು. ಒಪ್ಪತಕ್ಕ ಹೆಸರುಗಳ ಪಟ್ಟಿಯನ್ನೂ ಕೊಡಬೇಕು.

ಎರಡನೆಯದು ಅಳತೆ. ಅಲ್ಲಿನ ಬೆಲೆ ಕ್ವಿಂಟಲಿಗೆ, ಅಂದರೆ 100 ಕಿಲೋಗೆ. ಮನೆಯ ಮಾತಿನಲ್ಲಿ ನಾವು ಹೇಳುವುದು ಕಿಲೋ ಲೆಕ್ಕ. ಉತ್ತರದಲ್ಲಿ 15000 ಎಂದಿದ್ದರೆ ಕಿಲೋಗೆ 150 ರೂಪಾಯಿ. ಅಳತೆಯನ್ನು ಬರೆಯದೆ ಬಿಟ್ಟರೆ ನೂರು ಪಾಲಿನ ತಪ್ಪಿಗೆ ಎಡೆಯಾಗುವುದು.

ಮೂರನೆಯದು ದಿನಾಂಕ. 05/03 ಎಂಬುದು ಮಾರ್ಚ್ 5 ಆಗಬಹುದು, ಮೇ 3 ಆಗಬಹುದು. ಯಾವುದು ಮೊದಲೆಂದು ಉದಾಹರಣೆ ಸಹಿತ ಹೇಳಬೇಕು.

ನಾಲ್ಕನೆಯದು ಬರಿಗೈಯ ಉತ್ತರ. ಆ ದಿನ ಪೇಟೆಗೆ ರಜೆಯಿದ್ದರೆ ದಾಖಲೆ ಇರುವುದಿಲ್ಲ. ‘ದಾಖಲೆ ಇಲ್ಲ’ ಎಂದರೆ ಬೆಲೆ ಸೊನ್ನೆಯೆಂದು ಅರ್ಥವಲ್ಲ. ಇದನ್ನು ಹೇಳದಿದ್ದರೆ ಯಂತ್ರವು ಸೊನ್ನೆಯನ್ನೇ ತಿಳಿಸೀತು, ಇಲ್ಲವೇ ತಾನೇ ಒಂದು ಬೆಲೆಯನ್ನು ಕಲ್ಪಿಸೀತು. ರೈತರಿಗೆ ನಷ್ಟವುಂಟುಮಾಡುವುದು ಇಂತಹ ನಯವಾದ ತಪ್ಪು.

ಒಳ್ಳೆಯ ವಿವರಣೆ

ಇಷ್ಟನ್ನೂ ಕೂಡಿಸಿ ಹೀಗೆ ಬರೆಯಬಹುದು:

‘ಒಂದು ಕೃಷಿ ಮಾರುಕಟ್ಟೆಯಲ್ಲಿ ಒಂದು ದಿನ ನಡೆದ ಧಾರಣೆಯನ್ನು ತಿಳಿಸುತ್ತದೆ. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು ಕಡ್ಡಾಯ. ಹಸಿ ದ್ರಾಕ್ಷಿ ಮತ್ತು ಒಣದ್ರಾಕ್ಷಿ ಬೇರೆ ಬೇರೆ ಸರಕುಗಳು. ಊರು ಸ್ಪಷ್ಟವಿಲ್ಲದಿದ್ದರೆ ಬಳಕೆದಾರರನ್ನು ಕೇಳು. ದಿನಾಂಕ: ದಿನ/ತಿಂಗಳು/ವರ್ಷ. ಬೆಲೆ: ಕ್ವಿಂಟಲಿಗೆ ರೂಪಾಯಿಗಳಲ್ಲಿ. ದಾಖಲೆ ಇಲ್ಲದಿದ್ದರೆ ಹಾಗೆಂದೇ ಹೇಳು, ಬೆಲೆಯನ್ನು ಊಹಿಸಬೇಡ. ಈ ಸಾಧನವು ಮುಂದಿನ ಬೆಲೆಯನ್ನು ತಿಳಿಸಲಾರದು, ಮಾಲನ್ನು ಮಾರಲಾರದು.’

ಕೊನೆಯ ವಾಕ್ಯವನ್ನು ಹೆಚ್ಚಿನದೆಂದು ಭಾವಿಸಬಾರದು. ಏಜೆಂಟಿನ ಬಳಿ ಸಾಧನಗಳು ಹಲವಿರಬಹುದು. ಬೆಲೆ ನೋಡುವ ಸಾಧನವೂ ಮಾಲು ಮಾರುವ ಸಾಧನವೂ ಒಂದೇ ಬಗೆಯ ಹೆಸರು ಹೊತ್ತಿದ್ದರೆ ಒಂದರ ಬದಲು ಇನ್ನೊಂದನ್ನು ಎತ್ತಿಕೊಳ್ಳಬಹುದು. ನೋಡಿದುದರಿಂದ ಹಾನಿಯಿಲ್ಲ, ಮಾರಿದುದನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಮಾರುವ ಸಾಧನವಂತೂ ಒಡೆಯರ ಒಪ್ಪಿಗೆಯಿಲ್ಲದೆ ನಡೆಯದಂತೆ ರಚನೆಯಲ್ಲಿಯೇ ತಡೆಯಿರಬೇಕು. ವಿವರಣೆಯ ಮಾತನ್ನೊಂದನ್ನೇ ನಂಬಿ ಕೂರಬಾರದು.

ಹಾಗೆಂದು ವಿವರಣೆಯನ್ನು ಪುರಾಣದಂತೆ ಬೆಳೆಸುವುದೂ ಸಲ್ಲದು. ಬೇಡದ ಮಾತು ಬೇಕಾದುದನ್ನು ಮರೆಸುತ್ತದೆ. ಬರೆದಾದ ಮೇಲೆ ಜನರು ನಿಜವಾಗಿ ಕೇಳುವಂತಹ ಪ್ರಶ್ನೆಗಳನ್ನು ಏಜೆಂಟಿಗೆ ಕೊಟ್ಟು ಪರೀಕ್ಷಿಸಬೇಕು. ಎಡವಿದ ಕಡೆ ವಾಕ್ಯವನ್ನು ತಿದ್ದಬೇಕು.

ವಿದ್ಯಾರ್ಥಿಗಳು ಇದನ್ನು ಗಣಕವಿಲ್ಲದೆಯೂ ಅಭ್ಯಾಸ ಮಾಡಬಹುದು. ಮನೆಯ ಒಂದು ಕೆಲಸವನ್ನು ಚೀಟಿಯಲ್ಲಿ ಬರೆದು, ಆ ಮನೆಯನ್ನು ಕಾಣದ ಗೆಳೆಯನ ಕೈಗೆ ಕೊಡಿರಿ. ಅವನು ಎಲ್ಲಿ ನಿಂತು ಪ್ರಶ್ನೆ ಕೇಳುವನೋ ಅಲ್ಲಿ ನಿಮ್ಮ ಚೀಟಿಯಲ್ಲಿ ಒಂದು ಮಾತು ಕಡಿಮೆಯಾಗಿದೆ. ಗೆಳೆಯನು ನಿಂತು ಕೇಳುವನು. ಯಂತ್ರವು ಅನೇಕ ವೇಳೆ ಕೇಳದೆಯೇ ಮುಂದೆ ಹೋಗುವುದು. ವ್ಯತ್ಯಾಸವಿರುವುದು ಇಲ್ಲಿಯೇ.