ಹಾಡೇ ದಾಖಲೆ: ಅಮಿರಿ ಬರಾಕಾ ಓದುತ್ತಾ

ಹೈಸ್ಕೂಲಲ್ಲಿದ್ದಾಗ ಅಪ್ಪ ತಮಟೆ ಬಡಿಯುತ್ತಾ ಬರೋದು ಕಂಡರೆ ನಾನು ಪಕ್ಕದ ಗಲ್ಲಿಗೆ ಸರಿದುಬಿಡುತ್ತಿದ್ದೆ, ಸಹಪಾಠಿಗಳು ನೋಡಿಬಿಟ್ಟಾರು ಅಂತ. ಈ ನಾಚಿಕೆಗೂ ಒಂದು ಚರಿತ್ರೆ ಇದೆಯೆಂದು ತಿಳಿದದ್ದು ಅಮಿರಿ ಬರಾಕಾ ಅವರನ್ನು ಓದಿದ ಮೇಲೆ.

ಬರಾಕಾ 1934ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕಿನಲ್ಲಿ ಹುಟ್ಟಿದರು. ಮೊದಲ ಹೆಸರು ಲೀರಾಯ್ ಜೋನ್ಸ್. ಕಪ್ಪುಜನರ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಓದಲು ಹೋದರೆ, ಅಲ್ಲೂ ಬ್ಲೂಸ್, ಜಾಝ್ ಪಾಠದಲ್ಲಿರಲಿಲ್ಲ! ಸ್ಟರ್ಲಿಂಗ್ ಬ್ರೌನ್ ಎಂಬ ಕವಿ ಮೇಷ್ಟ್ರು ತರಗತಿಯ ಆಚೆ ತಮ್ಮ ಗ್ರಾಮಫೋನ್ ತಟ್ಟೆಗಳನ್ನು ತೋರಿಸಿ, ನಿಮ್ಮ ಚರಿತ್ರೆ ಇರೋದು ಇದರಲ್ಲಿ ಎಂಬುದನ್ನು ಮನಗಾಣಿಸಿದರು.

ಆ ಪಾಠ ಬೆಳೆದು 1963ರಲ್ಲಿ 'ಬ್ಲೂಸ್ ಪೀಪಲ್' ಪುಸ್ತಕವಾಯಿತು. ಜನರ ಬದುಕು ಬದಲಾದಾಗಲೆಲ್ಲ ಅವರ ಸಂಗೀತವೂ ಬದಲಾಗಿದೆ. ಅಕ್ಷರ ಸಿಗದವರಿಗೆ ಹಾಡೇ ದಾಖಲೆ ಎಂಬುದು ಅದರ ವಾದ. ಗುಲಾಮರು ಹೊಲದಲ್ಲಿ ಗುಂಪಾಗಿ ದುಡಿಮೆಯ ಹಾಡು ಹಾಡಿದರು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆಮೇಲೆ ಕೂಲಿ ಹುಡುಕಿ ಊರೂರು ಅಲೆಯುವ ಒಂಟಿ ಮನುಷ್ಯ 'ನಾನು' ಅಂತ ಹಾಡತೊಡಗಿದ. ಅದು ಬ್ಲೂಸ್. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ತಟ್ಟೆ ಭರ್ಜರಿಯಾಗಿ ಮಾರಾಟವಾಯಿತು. ಕಂಪನಿಗಳು ಕಪ್ಪುಜನರಿಗೆಂದೇ ಬೇರೆ ತಟ್ಟೆಗಳನ್ನು ಹೊರಡಿಸಿದವು. ಹಾಡಿಗೂ ಬೇರೆ ಕೇರಿ! ಸ್ವಿಂಗ್ ಎಂಬ ಜಾಝ್‌ನಿಂದ ಬಿಳಿಯರ ಬ್ಯಾಂಡುಗಳು ಹೆಸರು, ದುಡ್ಡು ಎರಡನ್ನೂ ಮಾಡಿಕೊಂಡ ಮೇಲೆ, 1940ರ ದಶಕದ ಕಪ್ಪು ಯುವಕರು ಸುಲಭಕ್ಕೆ ನಕಲಿಗೆ ಸಿಗದ ಬೀಬಾಪ್ ಕಟ್ಟಿದರು.

ಅದೇ 1963ರಲ್ಲಿ 'ಡೌನ್‌ಬೀಟ್' ಪತ್ರಿಕೆಯಲ್ಲಿ ಬರಾಕಾ ಕೇಳಿದ ಪ್ರಶ್ನೆ ನಮ್ಮ ವಿಮರ್ಶೆಗೂ ತಾಗುತ್ತದೆ. ಜಾಝ್ ಕಟ್ಟಿದ ದೊಡ್ಡವರಲ್ಲಿ ಹೆಚ್ಚಿನವರು ಕಪ್ಪುಜನ. ವಿಮರ್ಶಕರು ಬಹುಪಾಲು ಬಿಳಿಯರು. ಯಾಕೆ? ಬಿಳಿಯರ ಯಜಮಾನಿಕೆ ಒಂದೇ ಕಾರಣವಲ್ಲ. ಓದಿ ಮೇಲೆ ಬಂದ ಕಪ್ಪು ಮಧ್ಯಮವರ್ಗಕ್ಕೆ ಬ್ಲೂಸ್ ಅಂದರೆ ನಾಚಿಕೆ. ನಾನು ಗಲ್ಲಿಗೆ ಸರಿದ ಹಾಗೆಯೇ. ಇತ್ತ ಬಿಳಿ ವಿಮರ್ಶಕ ಸ್ವರಗಳನ್ನು ಎಣಿಸುತ್ತ ಕೂತ. ಆ ಸ್ವರ ಹಾಗೇಕೆ ಚೀರುತ್ತದೆ ಅಂತ ಕೇಳಲಿಲ್ಲ.

ಬರಾಕಾ ಹೇಳಿದ್ದೆಲ್ಲ ವೇದವಾಕ್ಯ (ಈ ಮಾತು ನಮಗೆ ಬೇಡ, ಇರಲಿ) ಅಲ್ಲ. ಪುಸ್ತಕದಲ್ಲಿ ಸಮಾಜಶಾಸ್ತ್ರದ ಭಾರ ಹೆಚ್ಚಾಯಿತೆಂದು 1964ರಲ್ಲಿ ಕಾದಂಬರಿಕಾರ ರಾಲ್ಫ್ ಎಲಿಸನ್ ಆಕ್ಷೇಪಿಸಿದರು. ಅವರು ಸ್ವತಃ ಟ್ರಂಪೆಟ್ ಕಲಿತವರು. ಹಾಡುವವನ ಕಸುಬುಗಾರಿಕೆ, ಅವನ ಖುಷಿ ಬರಾಕಾರ ಪುಟಗಳಲ್ಲಿ ಕಡಿಮೆಯೇ, ನಾನೂ ಒಪ್ಪುತ್ತೇನೆ. 1965ರ ನಂತರ ಯೆಹೂದಿಗಳ ಬಗ್ಗೆ ಅವರು ಬರೆದ ದ್ವೇಷದ ಸಾಲುಗಳನ್ನೂ ನಾವು ಮುಚ್ಚಿಡಬಾರದು.

ಬರಾಕಾ 2014ರಲ್ಲಿ ತೀರಿಕೊಂಡರು. ಅಪ್ಪ ಅದಕ್ಕೂ ಮುಂಚೆಯೇ ಹೋದ. ಸಾವಿಗೊಂದು ಗತ್ತು, ಜಾತ್ರೆಗೊಂದು ಗತ್ತು ಬಡಿಯುತ್ತಿದ್ದ. ಯಾವುದನ್ನು ಯಾರ ಹತ್ತಿರ ಕಲಿತೆ ಅಂತ ನಾನು ಒಂದು ದಿನವೂ ಕೇಳಲಿಲ್ಲ. ದೊಡ್ಡಪ್ಪ ಇನ್ನೂ ಇದ್ದಾನೆ, ಕಿವಿ ಮಂದ. ಮುಂದಿನ ವಾರ ಊರಿಗೆ ಹೊರಟಿದ್ದೇನೆ.