ಕ್ಯಾಮೆರಾ ಫೋನ್: ವರ್ತಕರಿಗೆ ಬೇಕಾದದ್ದು ಅಂದದ ಚಿತ್ರವೋ, ನಿಜದ ಚಿತ್ರವೋ?

ಬಳ್ಳಾರಿ ರಸ್ತೆಯ ಪಕ್ಕದಲ್ಲಿ, ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಇರುವ ಸಹಕಾರನಗರವು ಪ್ರಧಾನವಾಗಿ ವಸತಿ ಬಡಾವಣೆ. ಆದರೆ ಅದರ ಸುತ್ತಮುತ್ತ ಉತ್ತರ ಬೆಂಗಳೂರಿನ ವ್ಯಾಪಾರ ಮತ್ತು ಉದ್ಯಮದ ಹಲವು ನೆಲೆಗಳಿವೆ. ಉತ್ತರಕ್ಕೆ ಯಲಹಂಕ, ಅದರಾಚೆ ವಿದ್ಯುತ್ ಮಗ್ಗಗಳ ದೊಡ್ಡಬಳ್ಳಾಪುರ. ನೈಋತ್ಯಕ್ಕೆ ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣ, ಅಲ್ಲಿಂದ ಮುಂದೆ ಪೀಣ್ಯ ಕೈಗಾರಿಕಾ ಪ್ರದೇಶ. ಸೀರೆ ಮಾರುವವರು, ಧಾನ್ಯದ ದಲ್ಲಾಳಿಗಳು, ಲೇತ್ ಯಂತ್ರ ನಡೆಸುವವರು ಎಲ್ಲರೂ ಇಂದು ಸರಕಿನ ಚಿತ್ರವನ್ನು ಮೊದಲು ಕಳುಹಿಸಿ, ಆಮೇಲೆ ದರದ ಮಾತು ಆಡುತ್ತಾರೆ. ಹೀಗಾಗಿ ಒಳ್ಳೆಯ ಕ್ಯಾಮೆರಾ ಇರುವ ಫೋನಿಗೆ ಹೆಚ್ಚು ಹಣ ತೆರಲು ಅವರು ಹಿಂಜರಿಯುವುದಿಲ್ಲ. ಆ ಹೆಚ್ಚುವರಿ ಹಣಕ್ಕೆ ತಕ್ಕ ಪ್ರತಿಫಲ ದೊರೆಯುತ್ತದೆಯೇ ಎಂಬುದನ್ನು ಬಳಕೆದಾರರ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯ.

ನಾಲ್ಕು ಕೋಟಿ ಪಿಕ್ಸೆಲ್‌ಗಳ ಪಾಠ

2000ದ ನವೆಂಬರಿನಲ್ಲಿ ಜಪಾನಿನ ಶಾರ್ಪ್ ಸಂಸ್ಥೆಯ ಕ್ಯಾಮೆರಾ ಫೋನ್ ಮಾರುಕಟ್ಟೆಗೆ ಬಂದಾಗ ಅದರ ಚಿತ್ರದಲ್ಲಿ ಇದ್ದದ್ದು ಸುಮಾರು 1.1 ಲಕ್ಷ ಪಿಕ್ಸೆಲ್‌ಗಳು. 2012ರ ಫೆಬ್ರವರಿಯಲ್ಲಿ ನೋಕಿಯಾ ಸಂಸ್ಥೆಯು 808 ಪ್ಯೂರ್‌ವ್ಯೂ ಎಂಬ ಫೋನನ್ನು ಪ್ರಕಟಿಸಿದಾಗ ಅದರ ಸಂವೇದಕದಲ್ಲಿ 41 ಮೆಗಾಪಿಕ್ಸೆಲ್, ಅಂದರೆ ನಾಲ್ಕು ಕೋಟಿಗೂ ಮೀರಿದ ಪಿಕ್ಸೆಲ್‌ಗಳಿದ್ದವು. ಕ್ಯಾಮೆರಾವನ್ನೇ ಮುಖ್ಯವಾಗಿಟ್ಟುಕೊಂಡು ರೂಪಿಸಿದ ಫೋನ್‌ಗಳಲ್ಲಿ ಇದು ಪ್ರಮುಖವಾದುದು. ಗಮನಿಸಬೇಕಾದ ಸಂಗತಿ ಎಂದರೆ, ಈ ಫೋನ್ ಸಾಮಾನ್ಯ ಬಳಕೆಯಲ್ಲಿ ಕೊಡುತ್ತಿದ್ದದ್ದು ಕೇವಲ 5 ಮೆಗಾಪಿಕ್ಸೆಲ್ ಚಿತ್ರವನ್ನು. ಸುಮಾರು ಏಳು ಪಿಕ್ಸೆಲ್‌ಗಳ ಮಾಹಿತಿಯನ್ನು ಒಂದಾಗಿಸಿ, ಚಿತ್ರದಲ್ಲಿನ ಒರಟುತನವನ್ನು ಕಳೆಯುವುದೇ ಅದರ ತಂತ್ರವಾಗಿತ್ತು. ಇಂದಿನ 50 ಅಥವಾ 200 ಮೆಗಾಪಿಕ್ಸೆಲ್ ಫೋನ್‌ಗಳೂ ಬಹುಮಟ್ಟಿಗೆ ಇದೇ ರೀತಿ ಪಿಕ್ಸೆಲ್‌ಗಳನ್ನು ಕೂಡಿಸಿ ಚಿಕ್ಕ ಚಿತ್ರವನ್ನು ಕೊಡುತ್ತವೆ. ಆದುದರಿಂದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಮೆಗಾಪಿಕ್ಸೆಲ್ ಸಂಖ್ಯೆಯನ್ನು ನೋಡಿ ಬೆಲೆ ಕಟ್ಟುವುದು ಚೀಲದ ಗಾತ್ರ ನೋಡಿ ಧಾನ್ಯಕ್ಕೆ ಬೆಲೆ ಕಟ್ಟಿದಂತೆ.

ಆ ಫೋನಿನ ಒಡೆಯರ ಮುಂದಿನ ಅನುಭವವು ವರ್ತಕರಿಗೆ ಇನ್ನೂ ಮುಖ್ಯವಾದ ಪಾಠ. 808 ಫೋನ್ ಸಿಂಬಿಯನ್ ಎಂಬ ಕಾರ್ಯನಿರ್ವಹಣಾ ತಂತ್ರಾಂಶದ ಮೇಲೆ ನಡೆಯುತ್ತಿತ್ತು. ಅದೇ ಸಿಂಬಿಯನ್‌ನ ಕೊನೆಯ ಫೋನ್ ಎಂದು ನೋಕಿಯಾ 2013ರ ಜನವರಿಯಲ್ಲಿ ತಿಳಿಸಿತು. ಅದೇ ವರ್ಷದ ಜುಲೈನಲ್ಲಿ ಪ್ರಕಟವಾದ ಲೂಮಿಯಾ 1020 ಫೋನಿನಲ್ಲಿಯೂ 41 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು. ತಂತ್ರಾಂಶ ಮಾತ್ರ ವಿಂಡೋಸ್ ಫೋನ್. ವಿಂಡೋಸ್ ಫೋನ್ 8.1 ಆವೃತ್ತಿಗೆ ಮೈಕ್ರೋಸಾಫ್ಟ್ 2017ರ ಜುಲೈನಲ್ಲಿ ಬೆಂಬಲ ನಿಲ್ಲಿಸಿತು. ವಾಟ್ಸ್‌ಆಪ್ ಸೇವೆಯು ಸಿಂಬಿಯನ್ ಫೋನ್‌ಗಳಲ್ಲಿ 2017ರ ಜೂನ್ ಅಂತ್ಯಕ್ಕೆ, ವಿಂಡೋಸ್ ಫೋನ್‌ಗಳಲ್ಲಿ 2019ರ ಡಿಸೆಂಬರ್ ಅಂತ್ಯಕ್ಕೆ ನಿಂತುಹೋಯಿತು. ಮಸೂರ ಕೆಟ್ಟಿರಲಿಲ್ಲ, ಸಂವೇದಕ ಸವೆದಿರಲಿಲ್ಲ. ಆದರೆ ತೆಗೆದ ಚಿತ್ರವನ್ನು ಗ್ರಾಹಕನಿಗೆ ತಲುಪಿಸುವ ದಾರಿಯೇ ಮುಚ್ಚಿತು. ಚಿತ್ರಕ್ಕೊಂದು, ವ್ಯವಹಾರಕ್ಕೊಂದು ಎಂದು ಎರಡು ಫೋನ್ ಹಿಡಿಯುವುದು ಅಥವಾ ಹಳೆಯದನ್ನು ಬದಿಗಿಡುವುದು ಇವೆರಡೇ ಉಳಿದ ಮಾರ್ಗ. ಯಂತ್ರ ಕೊಳ್ಳುವಾಗ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ವಿಚಾರಿಸುವ ಉದ್ದಿಮೆದಾರರು ಫೋನ್ ಕೊಳ್ಳುವಾಗ ತಂತ್ರಾಂಶದ ಪರಿಷ್ಕರಣೆ ಎಷ್ಟು ವರ್ಷ ಸಿಗುತ್ತದೆ ಎಂದೂ ವಿಚಾರಿಸಬೇಕು. 2023ರ ಅಕ್ಟೋಬರಿನಲ್ಲಿ ಬಂದ ಗೂಗಲ್ ಪಿಕ್ಸೆಲ್ 8 ಮತ್ತು 2024ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಶ್ರೇಣಿಗಳಿಗೆ ತಯಾರಕರು ಏಳು ವರ್ಷಗಳ ಭರವಸೆ ನೀಡಿದ್ದಾರೆ. ಎಲ್ಲ ಫೋನ್‌ಗಳಿಗೂ ಇಷ್ಟು ದೀರ್ಘ ಅವಧಿ ಇರುವುದಿಲ್ಲ.

ರೇಷ್ಮೆಯ ಬಣ್ಣ, ಫೋನಿನ ಬಣ್ಣ

ಸಹಕಾರನಗರದಂತಹ ಬಡಾವಣೆಗಳಲ್ಲಿ ಮನೆಯಿಂದಲೇ ಸೀರೆ ಮಾರುವವರಿಗೆ ಫೋನೇ ಅಂಗಡಿಯ ಗಾಜಿನ ಕಪಾಟು. ಇವರು ಎದುರಿಸುವ ದೂರು ಬಹುತೇಕ ಒಂದೇ: ಚಿತ್ರದಲ್ಲಿ ಕಂಡ ಬಣ್ಣ ಬೇರೆ, ಕೈಗೆ ಬಂದ ಸೀರೆಯ ಬಣ್ಣ ಬೇರೆ. ದುಬಾರಿ ಫೋನ್ ಕೊಂಡ ಮೇಲೂ ಈ ದೂರು ನಿಲ್ಲದಿರುವುದಕ್ಕೆ ಕಾರಣವಿದೆ. ಫೋನಿನ ತಂತ್ರಾಂಶವು ಚಿತ್ರವನ್ನು ಕಣ್ಣಿಗೆ ಇಂಪಾಗಿಸಲು ನೆರಳನ್ನು ತಿಳಿಗೊಳಿಸುತ್ತದೆ, ಬಣ್ಣವನ್ನು ಗಾಢಗೊಳಿಸುತ್ತದೆ, ಬೆಳಕಿನ ಛಾಯೆಯನ್ನು ತಾನೇ ಊಹಿಸಿ ತಿದ್ದುತ್ತದೆ. ಮಕ್ಕಳ ಹುಟ್ಟುಹಬ್ಬದ ಚಿತ್ರಕ್ಕೆ ಇದು ಅನುಕೂಲ; ಮಾರುವ ಸರಕಿಗೆ ಅನನುಕೂಲ. ಸೀರೆಯೊಂದೇ ಚೌಕಟ್ಟನ್ನು ತುಂಬಿದಾಗ ಬಿಳಿ ಯಾವುದೆಂದು ತಿಳಿಯದೆ ತಂತ್ರಾಂಶ ತಪ್ಪು ಊಹೆ ಮಾಡುತ್ತದೆ. ಅರಿಶಿನ ಬಣ್ಣ ಮಂಕಾಗುತ್ತದೆ, ಗಿಳಿಹಸಿರು ನೀಲಿಯ ಕಡೆಗೆ ವಾಲುತ್ತದೆ.

ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆಯ ಸಮಸ್ಯೆ ಇನ್ನೂ ಜಟಿಲ. ನೋಡುವ ಕೋನ ಬದಲಾದಂತೆ ಅದರ ಬಣ್ಣವೂ ಬದಲಾಗುತ್ತದೆ. ಒಂದೇ ಚಿತ್ರದಲ್ಲಿ ಅದನ್ನು ತೋರಿಸಲು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲ. ಸೆರಗನ್ನು ನಿಧಾನವಾಗಿ ಹೊರಳಿಸುತ್ತಾ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಇಲ್ಲಿ ಹತ್ತು ಚಿತ್ರಗಳಿಗಿಂತ ಪ್ರಯೋಜನಕಾರಿ.

ಅನುಭವಸ್ಥರು ಅನುಸರಿಸುವ ಕ್ರಮ ಸರಳ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ, ಟ್ಯೂಬ್‌ಲೈಟ್ ಆರಿಸಿ, ಹಗಲಿನ ಬೆಳಕಿನಲ್ಲೇ ಚಿತ್ರ ತೆಗೆಯುವುದು. ಚೌಕಟ್ಟಿನ ಒಂದು ಮೂಲೆಯಲ್ಲಿ ಬಿಳಿ ಕಾಗದ ಇರಿಸುವುದು. ಸೌಂದರ್ಯವರ್ಧಕ ಹಾಗೂ ದೃಶ್ಯವನ್ನು ತಾನೇ ಗುರುತಿಸಿ ತಿದ್ದುವ ಸೌಲಭ್ಯಗಳನ್ನು ಮುಚ್ಚುವುದು. ಕಳುಹಿಸುವ ಮೊದಲು ಚಿತ್ರವನ್ನು ಮತ್ತೊಂದು ಸಾಧಾರಣ ಫೋನಿನಲ್ಲಿ ತೆರೆದು, ಸೀರೆಯ ಪಕ್ಕದಲ್ಲಿಟ್ಟು ಹೋಲಿಸುವುದು. ಕೊಳ್ಳುವವರ ಕೈಯಲ್ಲಿ ದುಬಾರಿ ಫೋನಿನ ಪರದೆ ಇರಲೇಬೇಕೆಂದಿಲ್ಲ.

ಇದರಲ್ಲಿ ಕಾನೂನಿನ ಅಂಶವೂ ಅಡಗಿದೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಅಂತರ್ಜಾಲ ಮಾರುಕಟ್ಟೆಯಲ್ಲಿ ಮಾರಾಟ ಮಾಡುವವರು, ತಾವು ಕೊಡುವ ವಿವರಣೆ ಮತ್ತು ಚಿತ್ರಗಳು ಸರಕಿನ ನಿಜರೂಪಕ್ಕೆ ಹೊಂದುತ್ತವೆ ಎಂದು ಮುಚ್ಚಳಿಕೆ ನೀಡಬೇಕು. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಫೋನು ತಾನಾಗಿ ಬಣ್ಣ ಹೆಚ್ಚಿಸಿತು ಎಂಬ ಸಮಜಾಯಿಷಿಯಿಂದ ಗ್ರಾಹಕನಿಗೆ ಸಮಾಧಾನವಾಗದು. ಹೋಗಿ ಬರುವ ಸಾಗಣೆ ವೆಚ್ಚವೂ ತಪ್ಪದು.

ಕಾರ್ಯಾಗಾರದಲ್ಲಿ ಕ್ಯಾಮೆರಾ

ಪೀಣ್ಯಕ್ಕೂ ಕ್ಯಾಮೆರಾ ಫೋನಿಗೂ ನಂಟು ಹೊಸದೇನಲ್ಲ. 2017ರಲ್ಲಿ ವಿಸ್ಟ್ರಾನ್ ಸಂಸ್ಥೆಯು ಭಾರತದಲ್ಲಿ ಐಫೋನ್ ಜೋಡಣೆಯನ್ನು ಆರಂಭಿಸಿದ್ದು ಇಲ್ಲಿಯೇ. ಆ ಬಳಿಕ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದರ ಘಟಕ ತಲೆಯೆತ್ತಿ, 2023ರಲ್ಲಿ ಟಾಟಾ ಸಮೂಹದ ಪಾಲಾಯಿತು. ಸಹಕಾರನಗರದ ಮುಂದೆ ಹಾದುಹೋಗುವ ಹೆದ್ದಾರಿಯ ದಿಕ್ಕಿನಲ್ಲೇ ಇರುವ ದೇವನಹಳ್ಳಿ ಪ್ರದೇಶದ ಫಾಕ್ಸ್‌ಕಾನ್ ಘಟಕದಲ್ಲಿ 2025ರಲ್ಲಿ ಉತ್ಪಾದನೆ ಆರಂಭವಾಯಿತು.

ಪೀಣ್ಯದ ಸಣ್ಣ ಕಾರ್ಯಾಗಾರಗಳಲ್ಲಿ ಈ ಫೋನಿನ ಉಪಯೋಗ ಬೇರೆ ಬಗೆಯದು. ಮುರಿದ ಬಿಡಿಭಾಗದ ಚಿತ್ರ ಕಳುಹಿಸಿ ಸಲಹೆ ಕೇಳುವುದು, ಎರಕದಲ್ಲಿನ ರಂಧ್ರವನ್ನು ಪೂರೈಕೆದಾರರಿಗೆ ತೋರಿಸುವುದು, ಸಿದ್ಧವಾದ ಮಾದರಿಗೆ ದೂರದ ಗ್ರಾಹಕರ ಒಪ್ಪಿಗೆ ಪಡೆಯುವುದು ನಿತ್ಯದ ಕೆಲಸ. ಇಲ್ಲಿ ಹಲವರು ಎಡವುವುದು ಅಳತೆಯ ವಿಷಯದಲ್ಲಿ. ವಸ್ತುವಿನ ತೀರ ಹತ್ತಿರ ಫೋನ್ ಹಿಡಿದಾಗ ಮುಂದಿನ ಭಾಗ ದೊಡ್ಡದಾಗಿಯೂ ಹಿಂದಿನ ಭಾಗ ಚಿಕ್ಕದಾಗಿಯೂ ಕಾಣುತ್ತದೆ. ವಿಶಾಲಕೋನ ಮಸೂರದಲ್ಲಿ ನೇರ ಅಂಚೂ ಬಾಗಿದಂತೆ ತೋರಬಹುದು. ಒಂದೆರಡು ಅಡಿ ಹಿಂದೆ ಸರಿದು, ಎರಡು ಅಥವಾ ಮೂರು ಪಟ್ಟು ಹತ್ತಿರಕ್ಕೆ ತರುವ ಮಸೂರದಿಂದ ತೆಗೆದರೆ ಆಕಾರ ಸರಿಯಾಗಿ ಬರುತ್ತದೆ. ವಸ್ತುವಿನ ಮಟ್ಟದಲ್ಲಿಯೇ ಉಕ್ಕಿನ ಅಳತೆಪಟ್ಟಿ ಇರಿಸುವುದು ಒಳ್ಳೆಯ ಪದ್ಧತಿ. ಆದರೂ ಚಿತ್ರ ನೋಡಿ ಅಳತೆ ನಿರ್ಧರಿಸಬಾರದು. ಅದಕ್ಕೆ ವರ್ನಿಯರ್ ಮತ್ತು ಮೈಕ್ರೋಮೀಟರ್‌ಗಳೇ ಗತಿ. ಹೊಳೆಯುವ ಲೋಹಕ್ಕೆ ಫ್ಲ್ಯಾಷ್ ಬಳಸಿದರೆ ದೋಷವಿರುವ ಜಾಗವೇ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಪಕ್ಕದಿಂದ ಬೀಳುವ ಬೆಳಕಿನಲ್ಲಿ ಗೀರು, ಬಿರುಕುಗಳು ಎದ್ದು ಕಾಣುತ್ತವೆ.

ಕೈನಡುಕವನ್ನು ಸರಿದೂಗಿಸಲು ಉತ್ತಮ ಕ್ಯಾಮೆರಾ ಫೋನ್‌ಗಳಲ್ಲಿ ಮಸೂರ ಅಥವಾ ಸಂವೇದಕವನ್ನೇ ಅಲುಗಿಸುವ ಸೂಕ್ಷ್ಮ ವ್ಯವಸ್ಥೆ ಇರುತ್ತದೆ. ಹೆಚ್ಚು ಶಕ್ತಿಯ ಮೋಟಾರ್‌ಸೈಕಲ್ ಎಂಜಿನ್ನಿನ ಕಂಪನಕ್ಕೆ ಫೋನನ್ನು ಒಡ್ಡುವುದರಿಂದ ಈ ವ್ಯವಸ್ಥೆಯ ಕ್ಷಮತೆ ಕುಗ್ಗಬಹುದೆಂದು ಆಪಲ್ ಸಂಸ್ಥೆ 2021ರಲ್ಲಿ ಬಳಕೆದಾರರನ್ನು ಎಚ್ಚರಿಸಿತು. ಆಯಸ್ಕಾಂತವೂ ಇದಕ್ಕೆ ಅಡ್ಡಿ. ಬೈಕಿನ ಹಿಡಿಕೆಗೆ ಫೋನ್ ಬಿಗಿದು ಸರಕು ತಲುಪಿಸುವವರೂ, ಗ್ರೈಂಡಿಂಗ್ ಯಂತ್ರದ ಆಯಸ್ಕಾಂತೀಯ ಚಕ್ಕಿನ ಬಳಿ ಫೋನ್ ಇರಿಸುವವರೂ ಈ ಮಾತನ್ನು ನೆನಪಿನಲ್ಲಿಡಬೇಕು.

ಮಂಡಿಯ ಚಿತ್ರ ಸಾಕ್ಷಿಯಾದಾಗ

ಧಾನ್ಯದ ವ್ಯಾಪಾರದಲ್ಲಿ ಚಿತ್ರವು ಮಾದರಿಯೂ ಹೌದು, ದಾಖಲೆಯೂ ಹೌದು. ಲಾರಿಯಲ್ಲಿ ಬಂದ ಚೀಲಗಳು ನೆನೆದಿದ್ದರೆ ಅಥವಾ ಹರಿದಿದ್ದರೆ ಇಳಿಸುವ ಮೊದಲೇ ಚಿತ್ರ ತೆಗೆಯುವುದು ವಾಡಿಕೆ. ಮೊದಲು ನೋಂದಣಿ ಸಂಖ್ಯೆ ಕಾಣುವಂತೆ ಇಡೀ ಲಾರಿ, ಆಮೇಲೆ ಚೀಲಗಳ ಸಾಲು, ಕೊನೆಗೆ ಒಳಗಿನ ಧಾನ್ಯ ಎಂಬ ಕ್ರಮ ಪಾಲಿಸಿದರೆ ಮುಂದೆ ತಕರಾರು ಎದ್ದಾಗ ನೆರವಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಸಲ್ಲಿಸುವ ವಿಧಾನವನ್ನು ತಿಳಿಸುತ್ತದೆ. ನಿಗದಿತ ಪ್ರಮಾಣಪತ್ರವೂ ಜೊತೆಗಿರಬೇಕು. ಆದುದರಿಂದ ಮೂಲ ಕಡತವನ್ನು ತಿದ್ದದೆ, ಅಳಿಸದೆ ಕಾಯ್ದಿಡುವುದು ಜಾಣತನ. ವಾಟ್ಸ್‌ಆಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ್ದು ಕುಗ್ಗಿದ ಪ್ರತಿ ಮಾತ್ರ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಅದಕ್ಕಿಂತ ಮೇಲು. ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಆದರೆ ಫೋನಿನಲ್ಲಿ ಸ್ಥಳ ನಮೂದಿಸುವ ಸೌಲಭ್ಯ ತೆರೆದಿದ್ದರೆ, ಹೀಗೆ ಕಳುಹಿಸಿದ ಕಡತದಿಂದ ಗೋದಾಮಿನ ನೆಲೆಯೂ ತಿಳಿಯಬಹುದು. ಯಾರಿಗೆ ಏನನ್ನು ಕಳುಹಿಸುತ್ತಿದ್ದೇವೆ ಎಂಬ ಎಚ್ಚರ ಬೇಕು.

ಖರೀದಿಗೆ ಮುನ್ನ

ಮೊಬೈಲ್ ಫೋನಿನ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2020ರ ಏಪ್ರಿಲ್ 1ರಿಂದ ಶೇ. 12ರಿಂದ ಶೇ. 18ಕ್ಕೆ ಏರಿಸಲಾಯಿತು. ತೆರಿಗೆ ಸೇರಿ 59,000 ರೂಪಾಯಿ ಬೆಲೆಯ ಫೋನಿನಲ್ಲಿ 9,000 ರೂಪಾಯಿ ತೆರಿಗೆಯೇ ಇರುತ್ತದೆ. ವ್ಯವಹಾರಕ್ಕಾಗಿ ಕೊಂಡ ಫೋನಿಗೆ ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ಪಡೆದರೆ, ಅರ್ಹ ನೋಂದಾಯಿತ ವರ್ತಕರು ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ತೋರಿಸಿದವರಿಗೆ ಆ ಮೊತ್ತದ ಜಮೆ ದೊರೆಯದು. ಕುಟುಂಬದ ಬಳಕೆಯ ಪಾಲಿಗೂ ಜಮೆ ಇಲ್ಲ. ಹೆಸರಿಲ್ಲದ ಬಿಲ್ ಪಡೆದು ಬರುವುದು ನಷ್ಟದ ಮೊದಲ ಹೆಜ್ಜೆ.

ಅಂಗಡಿಗೆ ಹೋಗುವಾಗ ತಮ್ಮ ಸರಕಿನ ಒಂದು ತುಣುಕನ್ನು ಜೊತೆಗೆ ಒಯ್ಯುವುದು ಉತ್ತಮ ಪರೀಕ್ಷೆ. ಜರಿಯ ಅಂಚು, ಮೆರುಗು ಕೊಟ್ಟ ಹಿತ್ತಾಳೆಯ ತುಂಡು, ಒಂದು ಹಿಡಿ ತೊಗರಿಬೇಳೆ ಯಾವುದಾದರೂ ಆಗಬಹುದು. ಅಂಗಡಿಯ ಬಾಗಿಲ ಬಳಿಯ ಹಗಲಿನ ಬೆಳಕಿನಲ್ಲಿಯೂ ಒಳಗಿನ ದೀಪದಲ್ಲಿಯೂ ಚಿತ್ರ ತೆಗೆದು, ವಸ್ತುವಿನ ಪಕ್ಕದಲ್ಲಿಟ್ಟು ನೋಡಬೇಕು. ದುಬಾರಿ ಫೋನಿಗಿಂತ ಅರ್ಧ ಬೆಲೆಯದ್ದೇ ಸರಕಿಗೆ ಹತ್ತಿರದ ಬಣ್ಣ ತೋರಿಸಿದರೆ ಅದನ್ನೇ ಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಕಣ್ಣಿಗೆ ಕಾಣುವ ಸರಕಿಗೂ ಆಡುವ ಮಾತಿಗೂ ಅಂತರವಿರಬಾರದೆಂಬುದು ಮಳಿಗೆಯ ಕಟ್ಟೆಯ ಮೇಲೆ ಕುಳಿತು ವ್ಯಾಪಾರ ಮಾಡಿದ ಹಿರಿಯರು ಪಾಲಿಸಿಕೊಂಡು ಬಂದ ನೀತಿ. ಇಂದು ಸರಕು ಕಾಣುವ ಮೊದಲು ಅದರ ಚಿತ್ರ ಕಾಣುತ್ತದೆ. ಆ ಚಿತ್ರವನ್ನು ನಂಬಿ ಒಮ್ಮೆ ಕೊಂಡ ಗ್ರಾಹಕರು ಮತ್ತೆ ಅದೇ ವರ್ತಕರ ಬಳಿಗೆ ಬರುವಂತಾದರೆ ಫೋನಿಗೆ ತೆತ್ತ ಹಣ ಸಾರ್ಥಕ.