ರದ್ದಿಗೆ ಹಾಕೂ ಮುಂಚೆ ಬಿಚ್ಚಿ ನೋಡ್ರಿ!

ಆಲಮಟ್ಟಿ: "ಅಜ್ಜನ ಕಾಲದ ಕಾಗದರೀ, ಓದಾಕ ಬರೂದಿಲ್ಲ. ಕೆಜಿಗೆ ಎಷ್ಟು ಕೊಡ್ತೀರಿ?"

ರದ್ದಿ ತಕ್ಕಡಿ ಮುಂದೆ ಹೀಗೆ ಕೇಳುವ ಮೊದಲು ಒಂದು ನಿಮಿಷ ತಡೀರಿ. ಆಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಬಂದ ಮನೆತನಗಳ ಹಳೇ ಪೆಟ್ಟಿಗೆಯ ತಳದಲ್ಲಿ ಹುಂಡಿ, ಕಿರ್ದಿ, ಸಾಲಪತ್ರ ಇದ್ದಾವು. ಅವು 1857ರ ಬಂಡಾಯದ ಕಾಲದವೂ ಆಗಿರಬಹುದು.

ಆ ವರ್ಷ ನವೆಂಬರಿನಲ್ಲಿ ಹತಾರ ಒಪ್ಪಿಸುವುದಿಲ್ಲವೆಂದು ಹಲಗಲಿಯ ಬೇಡರು ಸಿಡಿದೆದ್ದರು. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕ, ನರಗುಂದದ ಬಾಬಾಸಾಹೇಬ ತಿರುಗಿಬಿದ್ದರು. ಹಲಗಲಿಯ ಕಥೆಯನ್ನು ಲಾವಣಿ ಉಳಿಸಿತು. ಆದರೆ ಆ ಗದ್ದಲದಾಗ ಪ್ಯಾಟಿ ನಡೀತೋ ನಿಂತಿತೋ, ಸಾಲ ಕೊಟ್ಟವರ್ಯಾರು, ಜೋಳದ ಧಾರಣಿ ಎಷ್ಟು? ಇದನ್ನು ಅಂಗಡಿಕಾರರ ಕಾಗದವೇ ಹೇಳಬೇಕು.

ಹುಂಡಿ ಎಂದರೆ ಅಂದಿನ ಡ್ರಾಫ್ಟು. ತೋರಿಸಿದ ಕೂಡಲೇ ಹಣ ಕೊಡುವುದು ದರ್ಶನಿ ಹುಂಡಿ. ಗಡುವು ಮುಗಿದ ಮೇಲೆ ಕೊಡುವುದು ಮುದ್ದತಿ ಹುಂಡಿ. ಪರಊರಿನ ಸಾಹುಕಾರನಿಗೆ ಈ ಒಂದು ಚೀಟಿ ಸಾಕಿತ್ತು.

ದಂಗೆ ಅಡಗಿಸಿದ ಖರ್ಚು ಸರಕಾರದ ತಲೆ ಮೇಲೆ ಸಾಲವಾಗಿ ಕೂತಿತು. 1860ರಲ್ಲಿ ಜೇಮ್ಸ್ ವಿಲ್ಸನ್ ಆದಾಯ ತೆರಿಗೆ ತಂದ. ಆವರೆಗೆ ಪ್ರೆಸಿಡೆನ್ಸಿ ಬ್ಯಾಂಕುಗಳು ನೋಟು ಹೊರಡಿಸುತ್ತಿದ್ದವು. 1861ರ ಕಾಯಿದೆ ಆ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ವಿಕ್ಟೋರಿಯಾ ರಾಣಿ ಚಿತ್ರದ ಆ ನೋಟಿಗೆ ಒಂದೇ ಬದಿ ಅಚ್ಚು. ದಾರಿಯಲ್ಲಿ ಕಳುವಾದೀತೆಂದು ನೋಟನ್ನು ಎರಡು ತುಂಡು ಮಾಡಿ, ಒಂದು ಮುಟ್ಟಿದ ಸುದ್ದಿ ಬಂದ ಮೇಲೆ ಇನ್ನೊಂದನ್ನು ಅಂಚೆಗೆ ಹಾಕುತ್ತಿದ್ದರು. ನಡುವೆ ಅಂಟಿಸಿದ ಹಳೇ ನೋಟು ಸಿಕ್ಕರೆ ಹರಕೆಂದು ಒಗೀಬ್ಯಾಡ್ರಿ!

ನಮ್ಮ ಕಡೆಯ ಹಳೇ ಲೆಕ್ಕಪತ್ರ ಎಷ್ಟೋ ಮೋಡಿ ಲಿಪಿಯಲ್ಲಿವೆ. ಓದಾಕ ಬರಲಿಲ್ಲ ಅಂದ್ರ ಬೆಲೆ ಇಲ್ಲ ಅಂತಲ್ಲ. ಟೇಪು, ಗೋಂದು, ಲ್ಯಾಮಿನೇಶನ್ ಯಾವುದೂ ಬೇಡ. ಬಿಸಿಲಿಗೂ ಒಣಹಾಕಬೇಡಿ. ಮುಖ್ಯವಾಗಿ, ಕಟ್ಟು ಒಡೆದು ಚಂದ ಕಂಡದ್ದನ್ನಷ್ಟೇ ಮಾರಬೇಡಿ. ಒಂಟಿ ಹುಂಡಿ ಬರೀ ಮೊತ್ತ ಹೇಳುತ್ತದೆ. ಕಿರ್ದಿಯ ಜೊತೆಗಿದ್ದರೆ ಇಡೀ ಪೇಟೆಯ ವಹಿವಾಟು ಹೇಳುತ್ತದೆ.

ಸಂಗ್ರಹಕ್ಕೆ ಕೊಳ್ಳುವವರೂ ಹುಷಾರು. ನಕಲಿ ಇರುತ್ತವೆ, ನೋಟನ್ನು ಬೆಳಕಿಗೆ ಹಿಡಿದು ನೀರುಗುರುತು ನೋಡಿ. 75 ವರ್ಷ ದಾಟಿದ ಚಾರಿತ್ರಿಕ ದಾಖಲೆಯನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದಕ್ಕೆ 1972ರ ಪುರಾವಸ್ತು ಕಾಯಿದೆಯ ತಡೆಯಿದೆ. ಕೊಡುವ ಮನಸ್ಸಿದ್ದವರು ರಾಜ್ಯ ಪತ್ರಾಗಾರ ಇಲಾಖೆಯನ್ನು ವಿಚಾರಿಸಬಹುದು.

ಊರಂತೂ ನೀರಾಗ ಹೋತು. ಊರಿನ ಲೆಕ್ಕ ತಕ್ಕಡ್ಯಾಗ ಹೋಗಬಾರದು.